ಘಟ್ಟದ ಓಡಾಟದಲ್ಲಿ ಮೈಲೇಜ್ ಲೆಕ್ಕ ಹೇಗೆ?

ಶಿರಸಿಯಿಂದ: ಪೆಟ್ರೋಲ್ ಕಾರು, ಲೀಟರಿಗೆ 18 ಕಿ.ಮೀ. ಕೊಡುತ್ತಿತ್ತು. ಮಳೆ ಹಿಡಿದ ಮೇಲೆ ಡಿಸ್‌ಪ್ಲೇಯಲ್ಲಿ 15. ದೇವಿಮನೆ ಘಟ್ಟದಲ್ಲಿ ಕುಮಟಾಕ್ಕೆ ಓಡಾಟ ಜಾಸ್ತಿ. ಎಂಜಿನ್ ತೋರಿಸಬೇಕಾ?

ಕುಮಟಾದಿಂದ: ಮೊದಲು ಡಿಸ್‌ಪ್ಲೇ ನಂಬೋದು ಬಿಡಿ. ಟ್ಯಾಂಕ್ ಫುಲ್ ಮಾಡಿಸಿ, ನಾಝಲ್ ತಾನಾಗಿ ಕಟ್ ಆದಲ್ಲಿಗೆ ನಿಲ್ಲಿಸಿ, ಟ್ರಿಪ್ ಮೀಟರ್ ಸೊನ್ನೆ ಮಾಡಿ. ಮುಂದಿನ ಸಲ ಅದೇ ಬಂಕಿನಲ್ಲಿ ಮತ್ತೆ ಫುಲ್ ಮಾಡಿಸಿ, ಓಡಿದ ಕಿಲೋಮೀಟರನ್ನು ಆಗ ಹಿಡಿದ ಲೀಟರಿನಿಂದ ಭಾಗಿಸಿ. 420 ಕಿ.ಮೀ.ಗೆ 28 ಲೀಟರ್ ಹಿಡಿದರೆ 15. ಒಂದೇ ಟ್ಯಾಂಕ್ ನೋಡಿ ಸುಮ್ನೆ ಗಾಬರಿಯಾಗಬೇಡಿ, ನಾಲ್ಕೈದರ ಸರಾಸರಿ ನೋಡಿ.

ಕಾರವಾರದಿಂದ: ಘಟ್ಟ ಹತ್ತಿದ್ದು, ಇಳಿದದ್ದು ಎರಡೂ ಲೆಕ್ಕಕ್ಕೆ ಬರಬೇಕು. ಟೈರ್ ಗಾಳಿ ನೋಡಿಸಿದ್ರಾ? ಗಾಜು ಮಂಜಾಗುತ್ತದೆ ಅಂತ ಮಳೆಗಾಲದಲ್ಲಿ ಏಸಿ ಹಾಕಿಯೇ ಇರ್ತೀವಲ್ಲ, ಅದೂ ಪೆಟ್ರೋಲ್ ಕುಡಿಯುತ್ತದೆ. ಇಳಿಜಾರಿನಲ್ಲಿ ನ್ಯೂಟ್ರಲ್ ಮಾತ್ರ ಬೇಡ ಮಾರಾಯ್ರೆ, ಗೇರಿನಲ್ಲೇ ಆಕ್ಸಿಲರೇಟರ್ ಬಿಟ್ಟರೆ ಈಗಿನ ಎಂಜಿನ್‌ಗಳು ಪೆಟ್ರೋಲ್ ನಿಲ್ಲಿಸಿಬಿಡುತ್ತವೆ.