ಫುಟ್‌ಬಾಲ್ ಕ್ಲಬ್‌ನಲ್ಲಿ ಸ್ಪೋರ್ಟ್ಸ್ ಸೈನ್ಸ್ ಕೆಲಸ: ಮೊದಲು ಏನು ಕಲೀಬೇಕು?

ಎಡಗಾಲು10:
ಬಿಪಿಟಿ (ಫಿಸಿಯೋಥೆರಪಿ ಪದವಿ) ಕೊನೇ ವರ್ಷ. ಐಎಸ್‌ಎಲ್ (ಇಂಡಿಯನ್ ಸೂಪರ್ ಲೀಗ್) ಮಟ್ಟದ ಕ್ಲಬ್‌ನಲ್ಲಿ ಸ್ಪೋರ್ಟ್ಸ್ ಸೈಂಟಿಸ್ಟ್ ಆಗಬೇಕು ಅಂತ ಆಸೆ. ಪೈಥಾನ್ ಪ್ರೋಗ್ರಾಮಿಂಗ್ ಕಲಿಯೋದಾ, ಸಿಎಸ್‌ಸಿಎಸ್ (ಸ್ಟ್ರೆಂತ್ ಅಂಡ್ ಕಂಡಿಷನಿಂಗ್ ಸರ್ಟಿಫಿಕೇಟ್ ಪರೀಕ್ಷೆ) ಬರೆಯೋದಾ, ಇಂಗ್ಲೆಂಡಿಗೆ ಎಂಎಸ್‌ಸಿಗೆ ಹೋಗೋದಾ? ಅಲ್ಲಿ ದಿನಾ ಏನು ಕೆಲಸ ಇರುತ್ತೆ?

ಬಿಳಿಗೆರೆ:
ಪೈಥಾನ್ ಆಮೇಲೆ. ಮೊದಲು ಅಳತೆ ಕೆಡದಂತೆ ನೋಡಿಕೊಳ್ಳೋದು ಕಲೀರಿ. ಕ್ಯಾಟಪಲ್ಟ್ ಇರಲಿ, ಸ್ಟ್ಯಾಟ್‌ಸ್ಪೋರ್ಟ್ಸ್ ಇರಲಿ, ಯಾವ ಕಂಪನಿಯದಾದರೂ ಆಟಗಾರನ ಓಟ ಅಳೆಯೋ ಜಿಪಿಎಸ್ ಡಬ್ಬಿ ಕೂರೋದು ವೆಸ್ಟ್‌ನ ಹಿಂದೆ, ಎರಡು ಹೆಗಲ ನಡುವೆ. ಅಭ್ಯಾಸಕ್ಕೆ 10–15 ನಿಮಿಷ ಮುಂಚೆ ಆನ್ ಮಾಡಿ ಬಯಲಲ್ಲಿಡಿ. ಡ್ರೆಸಿಂಗ್ ರೂಮ್‌ನಲ್ಲಿ ಆನ್ ಮಾಡಿ ಹೊರಟರೆ ಉಪಗ್ರಹ ಸಿಗೋ ಹೊತ್ತಿಗೆ ವಾರ್ಮ್‌-ಅಪ್ ಅರ್ಧ ಮುಗಿದಿರುತ್ತೆ. ಒಬ್ಬ ಆಟಗಾರನಿಗೆ ಸೀಸನ್ ಪೂರ್ತಿ ಒಂದೇ ಡಬ್ಬಿ, ಅದಲುಬದಲು ಬೇಡ. ಒಂದೇ ಕಂಪನಿಯ ಎರಡು ಡಬ್ಬಿಗಳೂ ಒಂದೇ ಓಟಕ್ಕೆ ಬೇರೆ ಅಂಕಿ ಕೊಡುತ್ತವೆ, ಅದರಲ್ಲೂ ವೇಗ ಏರಿಸಿ ಇಳಿಸುವಾಗ. ವೆಸ್ಟ್ ಸಡಿಲ ಇದ್ದರೆ ಡಬ್ಬಿ ಅಲುಗಾಡಿ ಲೋಡ್ (ಮೈಮೇಲೆ ಬಿದ್ದ ಶ್ರಮದ ಅಂಕಿ) ಸುಮ್ಮನೆ ಏರುತ್ತೆ.

ಡ್ರಿಲ್ ಶುರು-ಕೊನೆ ಗುರುತು ಹಾಕದಿದ್ದರೆ ನೀರು ಕುಡಿಯೋಕೆ ನಿಂತ ಹೊತ್ತೂ ಸೇರಿಕೊಂಡು, ನಿಮಿಷಕ್ಕೆ ಎಷ್ಟು ಮೀಟರ್ ಅನ್ನೋ ಲೆಕ್ಕ ಕೆಳಗಿಳಿಯುತ್ತೆ. ಡಿಫೆಂಡರ್ ಒಬ್ಬ ಗಂಟೆಗೆ 43 ಕಿ.ಮೀ. ಓಡಿದ ಅಂತ ಬಂದರೆ ನಂಬಬೇಡಿ, ಬೋಲ್ಟ್‌ನ ಗರಿಷ್ಠವೇ 44 ಚಿಲ್ಲರೆ! ಅದನ್ನು ಅಳಿಸದೆ ಬಿಟ್ಟರೆ, ಆಮೇಲೆ ಅವನು 32ರಲ್ಲಿ ಜೀವ ಬಿಟ್ಟು ಓಡಿದರೂ ಶೀಟ್‌ನಲ್ಲಿ "ಗರಿಷ್ಠದ 74%" ಅಂತಲೇ ಇರುತ್ತೆ.

ಸೋಮವಾರದ_ಲೋಡ್:
ಒಟ್ಟು ದೂರಕ್ಕೆ ಮರುಳಾಗಬೇಡಿ. ಮಿಡ್‌ಫೀಲ್ಡರ್ ಪಂದ್ಯಕ್ಕೆ 10–12 ಕಿ.ಮೀ. ಓಡೋದು ಮಾಮೂಲು. ಹ್ಯಾಮ್‌ಸ್ಟ್ರಿಂಗ್ (ತೊಡೆ ಹಿಂದಿನ ಸ್ನಾಯು) ಹಿಡಿಯೋದು ಹೆಚ್ಚಾಗಿ ಸ್ಪ್ರಿಂಟ್‌ನಲ್ಲಿ. ಹಾಗಾಗಿ ಗಂಟೆಗೆ 19.8 ಕಿ.ಮೀ. ಮೇಲೆ (ವೇಗದ ಓಟ) ಎಷ್ಟು ಮೀಟರ್, 25.2 ಮೇಲೆ (ಸ್ಪ್ರಿಂಟ್) ಎಷ್ಟು, ವಾರದಲ್ಲಿ ಒಮ್ಮೆಯಾದರೂ ತನ್ನ ಗರಿಷ್ಠದ 90% ದಾಟಿದನಾ, ಇವನ್ನು ನೋಡಿ. ಎಡವಟ್ಟಾಗೋದು ಬೆಂಚ್ ಕಾಯುವವರ ವಿಷಯದಲ್ಲಿ. ಪಂದ್ಯದ ವೇಗದ ಓಟ ಅವರಿಗೆ ಸಿಗಲ್ಲ. ಮೂರು ವಾರ ಹಾಗೇ ಬಿಟ್ಟು ನಾಲ್ಕನೇ ವಾರ 90 ನಿಮಿಷ ಆಡಿಸಿದರೆ ಕಾಲು ತಡೆಯೋದು ಕಷ್ಟ. ಪಂದ್ಯ ಮುಗಿದ ಕೂಡಲೇ ಅಥವಾ ಮರುದಿನ ಟಾಪ್‌-ಅಪ್ ಓಟ ಹಾಕಿಸೋದು ನಿಮ್ಮ ಪಾಲಿನ ಕೆಲಸ.

ಇನ್ನೊಂದು: 7 ದಿನದ ಲೋಡನ್ನು 28 ದಿನದ ವಾರದ ಸರಾಸರಿಯಿಂದ ಭಾಗಿಸಿ 0.8ರಿಂದ 1.3ರೊಳಗಿದ್ದರೆ ಸೇಫ್ ಅನ್ನೋ ಲೆಕ್ಕವನ್ನು ಇಂಟರ್‌ವ್ಯೂನಲ್ಲಿ ಗಿಳಿಪಾಠ ಒಪ್ಪಿಸಬೇಡಿ. ಅದರ ಗಣಿತದ ಮೇಲೆ ಸಾಕಷ್ಟು ಟೀಕೆ ಬಂದಿದೆ. ಲೋಡ್ ದಿಢೀರ್ ಏರಿದೆಯಾ ಅಂತ ಕಣ್ಣಾಡಿಸೋಕೆ ಸರಿ, ಯಾರಿಗೆ ಗಾಯ ಆಗುತ್ತೆ ಅಂತ ಅದು ಹೇಳಲ್ಲ.

ಎಡಗಾಲು10:
ಥ್ಯಾಂಕ್ಸ್ ಸರ್. ಜಿಪಿಎಸ್ ಮುಟ್ಟೋಕೇ ಸಿಗದವರು ಎಲ್ಲಿಂದ ಶುರು ಮಾಡೋದು?

ಕೋನ್_ಸೀಟಿ:
ಬೆಂಗಳೂರು ಸೂಪರ್ ಡಿವಿಷನ್ ತಂಡವೊಂದರ ಕೋಚ್‌ನ ಕೇಳಿ ನೋಡಿ. ಪೆನ್ನು, ಹಾಳೆ ಸಾಕು. ಅಭ್ಯಾಸ ಮುಗಿದು ಅರ್ಧ ಗಂಟೆ ಆದ ಮೇಲೆ "0ರಿಂದ 10ರಲ್ಲಿ ಎಷ್ಟು ಕಷ್ಟ ಆಯ್ತು?" ಅಂತ ಕೇಳಿ, ನಿಮಿಷದಿಂದ ಗುಣಿಸಿ. 70 ನಿಮಿಷಕ್ಕೆ 6 ಅಂದರೆ 420, ಅದೇ ಆ ಅಭ್ಯಾಸದ ಲೋಡ್. ಒಬ್ಬೊಬ್ಬರನ್ನೇ ಪಕ್ಕಕ್ಕೆ ಕರೆದು ಕೇಳಿ, ಗುಂಪಲ್ಲಿ ಕೇಳಿದರೆ ಕ್ಯಾಪ್ಟನ್ ಹೇಳಿದ್ದೇ ಎಲ್ಲರ ಅಂಕಿ. ದಮ್ಮು ಅಳೆಯೋಕೆ 30-15 ಟೆಸ್ಟ್ (30 ಸೆಕೆಂಡ್ ಓಟ, 15 ಸೆಕೆಂಡ್ ನಡಿಗೆ): 40 ಮೀಟರ್ ಜಾಗ, ಕೋನ್, ಸ್ಪೀಕರ್. ಗಂಟೆಗೆ 8 ಕಿ.ಮೀ.ನಿಂದ ಶುರು, ಪ್ರತಿ ಹಂತಕ್ಕೆ 0.5 ಏರಿಕೆ. ಟೇಪ್ ಹಿಡಿದೇ ಅಳೆಯಿರಿ, ಹೆಜ್ಜೆ ಲೆಕ್ಕ ನಡೆಯಲ್ಲ.

ಸಿಎಸ್‌ಸಿಎಸ್‌ಗೆ ಪದವಿ ಜೊತೆ ಸಿಪಿಆರ್ ಸರ್ಟಿಫಿಕೇಟೂ ಬೇಕು. ಎಂಎಸ್‌ಸಿಗೆ ಲಿವರ್‌ಪೂಲ್ ಜಾನ್ ಮೂರ್ಸ್ ಹಳೇ ಹೆಸರು. ಆದರೆ ಎಲ್ಲೇ ಹೋಗಿ, ಕೋರ್ಸ್‌ನಲ್ಲಿ ಕ್ಲಬ್ ಪ್ಲೇಸ್‌ಮೆಂಟ್ ಇದೆಯಾ ಅಂತ ಬರವಣಿಗೆಯಲ್ಲಿ ಕೇಳಿಕೊಂಡೇ ಫೀಸ್ ಕಟ್ಟಿ.

ಬಿಳಿಗೆರೆ:
ಹಾಂ, ಕೋಚ್‌ಗೆ ಹತ್ತು ಗ್ರಾಫ್ ಕಳಿಸಬೇಡಿ. "ಇವತ್ತು ಈ ಇಬ್ಬರನ್ನು ಕೊನೇ ಡ್ರಿಲ್‌ನಿಂದ ಹೊರಗಿಡಿ" ಅಂತ ಒಂದು ಸಾಲು, ಅದೂ ಬೂಟು ಕಟ್ಟೋಕೆ ಮುಂಚೆ.