ಸಹಾಯ ಬೇಕು: ಬಿಸಿಯಾದಾಗ ಮಾತ್ರ ನಿಂತುಹೋಗುವ ಹಳೆಯ ಡೀಸೆಲ್ ಜೀಪ್

ಎಲ್ಲರಿಗೂ ನಮಸ್ಕಾರ. ನನ್ನ ಹಳೆಯ ಫೋರ್ ವೀಲ್ ಡ್ರೈವ್ ಗಾಡಿ ತುಂಬಾ ಸತಾಯಿಸುತ್ತಿದೆ. ತಣ್ಣಗಿದ್ದಾಗ ಒಂದೇ ಸೆಲ್ಫ್‌ಗೆ ಸ್ಟಾರ್ಟ್ ಆಗುತ್ತದೆ. ಇಂಜಿನ್ ಚೆನ್ನಾಗಿ ಕಾದ ಮೇಲೆ, ಅದೂ ಕಲ್ಲುದಾರಿಯಲ್ಲಿ ಕುಲುಕಾಡುವಾಗ, ಕೀ ಆಫ್ ಮಾಡಿದ ಹಾಗೆ ತಟ್ಟನೆ ನಿಂತುಬಿಡುತ್ತದೆ. ಜರ್ಕ್ ಇಲ್ಲ, ಹೊಗೆ ಇಲ್ಲ. ಸ್ವಲ್ಪ ಹೊತ್ತು ಬಿಟ್ಟರೆ ಮತ್ತೆ ಸ್ಟಾರ್ಟ್. ಮೆಕ್ಯಾನಿಕ್ ಮುಂದೆ ಮಾತ್ರ ಒಮ್ಮೆಯೂ ನಿಲ್ಲುವುದಿಲ್ಲ, ಹಾಗಾಗಿ ಅವರಿಗೂ ಕೈಗೆ ಏನೂ ಸಿಗುತ್ತಿಲ್ಲ.

ಡೀಸೆಲ್ ಫಿಲ್ಟರ್ ಹೊಸದು, ಡೀಸೆಲ್ ಲೈನ್‌ನಲ್ಲಿ ಸೇರಿದ್ದ ಏರ್ ತೆಗೆದಾಗಿದೆ. ನಿಂತ ತಕ್ಷಣ ಟ್ಯಾಂಕ್ ಮುಚ್ಚಳ ತೆಗೆದು ನೋಡಿದೆ. ಗಾಳಿ ಎಳೆದುಕೊಳ್ಳುವ ಸದ್ದು ಬರಲಿಲ್ಲ, ಅಂದರೆ ಟ್ಯಾಂಕ್‌ಗೆ ಗಾಳಿ ಹೋಗುವ ದಾರಿ ಕಟ್ಟಿದ ಹಾಗಿಲ್ಲ.

ನನ್ನ ಅನುಮಾನ ಡೀಸೆಲ್ ಪಂಪ್‌ನ ಸ್ಟಾಪ್ ಸಾಲಿನಾಯ್ಡ್ (ಕರೆಂಟ್ ಇದ್ದಾಗ ಮಾತ್ರ ಡೀಸೆಲ್ ಬಿಡುವ ವಾಲ್ವ್) ಮೇಲೆ. ಈ ಹಳೆಯ ಮೆಕ್ಯಾನಿಕಲ್ ಪಂಪ್ ಇಂಜಿನ್ ಓಡುತ್ತಿರಲು ಕರೆಂಟ್ ಬೇಕಾಗಿರುವುದು ಅದೊಂದಕ್ಕೇ ಅಲ್ವಾ? 12 ವೋಲ್ಟ್ ತಪ್ಪಿದರೆ ಅದರೊಳಗಿನ ಪ್ಲಂಜರ್ (ಸಣ್ಣ ಕಡ್ಡಿ) ಮುಚ್ಚಿಕೊಂಡು ಡೀಸೆಲ್ ಬಂದ್. ಅದರ ವೈರ್ ತುದಿಯಲ್ಲಿ ಹಸಿರು ಕಿಲುಬು ಕಟ್ಟಿತ್ತು. ಉಜ್ಜಿ, ಬಿಗಿ ಮಾಡಿದೆ. ಆದರೂ ಸರಿಹೋಗಲಿಲ್ಲ. ಇನ್ನೊಂದು ಮುಖ್ಯ ವಿಷಯ: ನಿಲ್ಲುವ ಮುಂಚೆ ಟೆಂಪರೇಚರ್ ಮುಳ್ಳು, ಡೀಸೆಲ್ ಮುಳ್ಳು ಎರಡೂ ಒಟ್ಟಿಗೇ ನಡುಗುತ್ತವೆ. ಅಂದರೆ ಎರಡಕ್ಕೂ ಸೇರಿದ ಕಡೆಯೇ, ಇಗ್ನಿಷನ್ ಸ್ವಿಚ್‌ನಲ್ಲೋ ಅರ್ಥ್ ವೈರ್‌ನಲ್ಲೋ ಲೂಸ್ ಇರಬೇಕು ಅನಿಸುತ್ತದೆ.

ಬ್ಯಾಟರಿಯಿಂದ ಸಾಲಿನಾಯ್ಡ್‌ಗೆ ಫ್ಯೂಸ್ ಮತ್ತು ಬೇರೆ ಸ್ವಿಚ್ ಹಾಕಿ ನೇರ ವೈರ್ ಎಳೆದು ಓಡಿಸಿ ನೋಡಲೇ? ಸ್ವಿಚ್ ಇಲ್ಲದಿದ್ದರೆ ಕೀ ತೆಗೆದರೂ ಇಂಜಿನ್ ನಿಲ್ಲುವುದಿಲ್ಲವಲ್ಲ. ಸಾಲಿನಾಯ್ಡ್ ಕಾಯಿಲ್ ಬಿಸಿಗೆ ಮಾತ್ರ ಕೈಕೊಡುವುದನ್ನು ಯಾರಾದರೂ ಕಂಡಿದ್ದೀರಾ? ಇಳಿಜಾರಿನಲ್ಲಿ ಇಂಜಿನ್ ನಿಂತರೆ ಬ್ರೇಕ್ ಹಗುರವಾಗಿ ಒತ್ತಲು ನೆರವಾಗುವ ಬೂಸ್ಟರ್‌ನ ಬಲವೂ ಬೇಗ ಹೋಗುತ್ತದೆ, ಅದೇ ನನಗೆ ಜಾಸ್ತಿ ಭಯ. ಗಾಡಿ ಮಾರುವ ಮನಸ್ಸಂತೂ ಇಲ್ಲ. ಅನುಭವ ಇರುವವರು ದಯವಿಟ್ಟು ಹೇಳಿ.