ಅರ್ಜೆಂಟೀನಾ ಮೂರು ವಾರ: ಹೋಗಿ ಬಂದವ್ರು ಸ್ವಲ್ಪ ಹೇಳಿ

ಡಿಸೆಂಬರ್ ಕೊನೆಗೆ ನಾನು, ನಮ್ಮನೆಯವ್ರು ಹೊರಟಿದೀವಿ. ಇಗ್ವಾಸು ಜಲಪಾತ, ಸಾಲ್ಟಾ, ಮೆಂಡೋಸಾ, ಕಲಾಫಾಟೆ, ಉಷುವಾಯಾ ಎಲ್ಲಾ ಬಸ್ಸಲ್ಲೇ ಮುಗಿಸ್ಬೋದಾ? ಇಬ್ರೂ ಸಸ್ಯಾಹಾರಿಗಳು.

ಮೇಡಂ, ಬಸ್ಸಲ್ಲಿ ಆಗೋ ಮಾತಲ್ಲ ಬಿಡಿ. ಆ ದೇಶ ಮೇಲಿಂದ ಕೆಳಗೆ 3,700 ಕಿ.ಮೀ. ಹತ್ರ ಇದೆ, ಬ್ಯೂನಸ್ ಐರಿಸ್‌ನಿಂದ ದಕ್ಷಿಣದ ತುದಿಯ ಉಷುವಾಯಾಗೆ ವಿಮಾನದಲ್ಲೇ ಮೂರೂವರೆ ಗಂಟೆ. ಡಿಸೆಂಬರ್ ಅಂದ್ರೆ ಅಲ್ಲಿ ಬೇಸಿಗೆ, ದಕ್ಷಿಣಕ್ಕೆ ಹೇಳಿ ಮಾಡ್ಸಿದ ಟೈಮು, ಸಾಲ್ಟಾ ಕಡೆ ಮಳೆಗಾಲ, ಮೆಂಡೋಸಾದಲ್ಲಿ ಸುಡು ಬಿಸಿಲು, ಅವೆರಡನ್ನ ಕೈ ಬಿಟ್ಟು ಆ ದಿನಗಳನ್ನ ಚಾರಣದ ಊರು ಎಲ್ ಚಾಲ್ಟೆನ್‌ಗೆ ಕೊಡಿ. ಕಲಾಫಾಟೆಯಿಂದ ಮೂರು ಗಂಟೆ ದಾರಿ, ಅಲ್ಲಿಗೆ ಬಸ್ಸೇ ಸರಿ. ಫಿಟ್ಸ್ ರಾಯ್ ಬೆಟ್ಟ ಮೋಡದೊಳಗೆ ಕೂತ್ರೆ ಎರಡು ದಿನ ಮುಖ ತೋರ್ಸಲ್ಲ, ಅದಕ್ಕೇ ಖಾಲಿ ದಿನ ಇಟ್ಕೊಳ್ಳಿ. ಅಲ್ಲಿನ ಲಗೂನಾ ದೆ ಲೋಸ್ ತ್ರೇಸ್ ಕೆರೆಗೆ ನಡಿಗೆ ಹೋಗಿ ಬರೋಕೆ 20 ಕಿ.ಮೀ. ಚಿಲ್ಲರೆ, ಕೊನೇ ಒಂದು ಕಿ.ಮೀ. ಬರೀ ಕಲ್ಲಿನ ಏರು, ಮಂಡಿ ನೋವಿದ್ರೆ ಕೋಲು ಬೇಕೇ ಬೇಕು. ಕಾರ್ ಬಾಡಿಗೆ ತಗೊಂಡ್ರೆ ಡೋರನ್ನ ಗಟ್ಟಿಯಾಗಿ ಹಿಡ್ಕೊಂಡೇ ತೆಗೀರಿ, ಗಾಳಿ ಹೊಡೆತಕ್ಕೆ ಕಿತ್ಕೊಂಡು ಹೋಗತ್ತೆ, ತಮಾಷೆಗೆ ಹೇಳ್ತಿಲ್ಲ. ಪೆರಿಟೊ ಮೊರೆನೊ ಹಿಮನದಿ ಹತ್ರ ಅವಸರ ಮಾಡ್ಬೇಡಿ, ಕಟ್ಟೆ ಮೇಲೆ ಸುಮ್ನೆ ಕಾಯ್ಬೇಕು, ಐಸ್ ಬಿದ್ದ ಸದ್ದು ಬಂದ ಮೇಲೆ ತಿರುಗಿ ನೋಡಿದ್ರೆ ಬರೀ ಅಲೆ ಕಾಣತ್ತೆ.

ಇಗ್ವಾಸು ಮಾತ್ರ ಬಿಡ್ಬೇಡಿ ಅಂತೀನಿ ನಾನು, ಸೆಕೆ ಇದ್ರೂ ಪರ್ವಾಗಿಲ್ಲ. ಬ್ರೆಜಿಲ್ ಕಡೆಯಿಂದಲೂ ನೋಡ್ಬೇಕು ಅಂದ್ರೆ ಅದಕ್ಕೆ ಬೇರೆ ವೀಸಾ. ಹಳದಿ ಜ್ವರದ ಲಸಿಕೆ ಹೊರಡೋಕೆ 10 ದಿನ ಮುಂಚೆನೇ ಹಾಕಿಸ್ಕೊಂಡು ಕಾರ್ಡ್ ಜೋಪಾನವಾಗಿ ಇಟ್ಕೊಳ್ಳಿ, ವಾಪಸ್ ಇಂಡಿಯಾಗೆ ಇಳಿದಾಗ ಕೇಳ್ತಾರೆ. ಇನ್ನೊಂದು, ಒಳಗಿನ ವಿಮಾನಗಳು ಹೆಚ್ಚಾಗಿ ಬ್ಯೂನಸ್ ಐರಿಸ್ ಊರೊಳಗಿನ ಏರೋಪಾರ್ಕೆ ನಿಲ್ದಾಣದಿಂದ, ನೀವು ಇಳಿಯೋದು ಊರಾಚೆಯ ಎಸೇಸಾ ನಿಲ್ದಾಣದಲ್ಲಿ, ನಡುವೆ ಟ್ರಾಫಿಕ್ಕು. ಅದೇ ದಿನ ಕನೆಕ್ಷನ್ ಇಟ್ಕೋಬೇಡಿ.

ಅಕ್ಕ, ಊಟದ್ದು ನಾನ್ ಹೇಳ್ತೀನಿ. ಮಾಂಸ ಬೇಡ ಅಂದ್ರೆ ಸಾಲಲ್ಲ, ಹ್ಯಾಮ್ ಬೇಡ, ಕೋಳಿ ಬೇಡ ಅಂತ ಒಂದೊಂದೇ ಹೇಳ್ಬೇಕು. ಎಂಪನಾಡಾ ನಮ್ಮ ಕರ್ಜಿಕಾಯಿ ಥರ ಇರತ್ತೆ, ಒಳಗೆ ಏನಿದೆ ಅಂತ ಗೊತ್ತಾಗ್ಲಿ ಅಂತ ಅಂಚನ್ನ ಬೇರೆ ಬೇರೆ ಥರ ಮಡಚಿರ್ತಾರೆ, ಚೀಸ್ ಈರುಳ್ಳಿದು ಇಲ್ಲಾ ಮೆಕ್ಕೆಜೋಳದ ಹುಮಿತಾ ಕೇಳಿ. ಕಟ್ಟುನಿಟ್ಟು ಇದ್ರೆ ಹಿಟ್ಟಿಗೆ ದನದ ಕೊಬ್ಬು ಹಾಕಿದಾರಾ ಅಂತಾನೂ ಕೇಳಿ, ಹಾಕೋರು ಇದಾರೆ. ರಾತ್ರಿ ಎಂಟಕ್ಕೆ ಮುಂಚೆ ಎಷ್ಟೋ ಹೋಟೆಲಲ್ಲಿ ಒಲೆನೇ ಹಚ್ಚಿರಲ್ಲ. ಡಿಸೆಂಬರ್ 24ರ ಸಂಜೆ, 25, ಜನವರಿ 1 ಹೆಚ್ಚಿನ ಅಂಗಡಿ, ಹೋಟೆಲ್ ಬಂದ್, ಹಿಂದಿನ ದಿನವೇ ಬ್ರೆಡ್ಡು ಹಣ್ಣು ತಂದಿಟ್ಕೊಳ್ಳಿ.